ಬಸ್ಸಿನ ಟಾಪಿನ ಮೇಲೆ ಬಂದ ಕಾದಂಬರಿಗಳು

ಫಿಲ್ಮ್ ಪೆಟ್ಟಿಗೆಯ ತೂಕ ಹೊತ್ತವನಿಗೇ ಗೊತ್ತು. ತಗಡಿನ ಪೆಟ್ಟಿಗೆ, ಅದರೊಳಗೆ ದುಂಡನೆಯ ಡಬ್ಬಿಗಳು, ಒಂದೊಂದು ಡಬ್ಬಿಯಲ್ಲೂ ಸುರುಳಿ ಸುತ್ತಿದ ರೀಲು. ಒಂದು ರೀಲು ಸುಮಾರು 1000 ಅಡಿ, ಪರದೆಯ ಮೇಲೆ ಓಡುವುದು 11 ನಿಮಿಷ. ಎರಡೂವರೆ ಗಂಟೆಯ ಸಿನಿಮಾ ಅಂದರೆ 14 ರೀಲು. 1976ರಲ್ಲಿ ನಾನು ಸರ್ಕಾರಿ ಬಸ್ಸಿನ ಕಂಡಕ್ಟರನಾಗಿ ಸೇರಿದಾಗ, ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಬರುವ ರಾತ್ರಿ ಗಾಡಿಯ ಟಾಪಿನ ಮೇಲೆ ಇಂಥ ಪೆಟ್ಟಿಗೆಗಳು ಇರುತ್ತಿದ್ದವು. ಲಗೇಜು ಟಿಕೆಟ್ ಹರಿಯುವಾಗ ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ಬರೆದ ಹೆಸರನ್ನು ಟಾರ್ಚು ಬಿಟ್ಟು ಓದುತ್ತಿದ್ದೆ. ಎಷ್ಟೋ ಸಲ ಅದು ನಾನು ಅದಾಗಲೇ ಓದಿ ಮುಗಿಸಿದ್ದ ಪುಸ್ತಕದ ಹೆಸರಾಗಿರುತ್ತಿತ್ತು.

ಎಪ್ಪತ್ತರ ದಶಕದಲ್ಲಿ ನಿನಗೆ ಮೆಚ್ಚಿನ ಚಿತ್ರ ಯಾವುದು ಎಂದು ಮೊಮ್ಮಕ್ಕಳು ಕೇಳಿದರೆ ಆರು ಹೆಸರು ಹೇಳುತ್ತೇನೆ: ಶರಪಂಜರ, ಬಂಗಾರದ ಮನುಷ್ಯ, ನಾಗರಹಾವು, ಹಂಸಗೀತೆ, ಚೋಮನ ದುಡಿ, ಘಟಶ್ರಾದ್ಧ. ಪಟ್ಟಿ ಮಾಡಿ ಮುಗಿದ ಮೇಲೆ ಒಂದು ವಿಷಯ ಹೊಳೆಯಿತು. ಈ ಆರೂ ಅಚ್ಚಿನ ಪುಟದಿಂದ ಎದ್ದು ಬಂದವು. ಐದು ಕಾದಂಬರಿಗಳಿಂದ, ಒಂದು ಕಥೆಯಿಂದ. ಅಂದು ಕನ್ನಡದ ಓದುಗರೂ ಕನ್ನಡದ ಪ್ರೇಕ್ಷಕರೂ ಒಂದೇ ಮನೆಯ ಜನ.

ಮೊದಲಿನಿಂದಲೂ ಹೀಗಿರಲಿಲ್ಲ. 1934ರ 'ಸತಿ ಸುಲೋಚನಾ'ದಿಂದ ಶುರುವಾದ ಕನ್ನಡ ಟಾಕಿ ಬಹುಕಾಲ ಪುರಾಣದ ಮತ್ತು ಕಂಪನಿ ನಾಟಕದ ಕೈ ಹಿಡಿದು ನಡೆಯಿತು. ರಾಜ್‌ಕುಮಾರ್ ನಾಯಕರಾದ 1954ರ 'ಬೇಡರ ಕಣ್ಣಪ್ಪ' ಕೂಡ ಗುಬ್ಬಿ ಕಂಪನಿಯ ರಂಗದಿಂದ ತೆರೆಗೆ ಬಂದದ್ದು. 1964ರಲ್ಲಿ ತರಾಸು ಅವರ 'ಚಂದವಳ್ಳಿಯ ತೋಟ', 1967ರಲ್ಲಿ ತ್ರಿವೇಣಿಯವರ 'ಬೆಳ್ಳಿಮೋಡ' ಚಿತ್ರವಾದವು. ನಿರ್ದೇಶಕ ಪುಟ್ಟಣ್ಣ ಕಣಗಾಲರು ಅದಕ್ಕೂ ಒಂದು ವರ್ಷ ಮುಂಚೆ ತ್ರಿವೇಣಿಯವರ 'ಬೆಕ್ಕಿನ ಕಣ್ಣು' ಕಾದಂಬರಿಯನ್ನು ಮಲಯಾಳದಲ್ಲಿ ತೆಗೆದಿದ್ದರು. ಎಪ್ಪತ್ತರ ಹೊತ್ತಿಗೆ ಹೊಳೆಯೇ ಹರಿಯಿತು. ಎಂ.ಕೆ. ಇಂದಿರಾ, ವಾಣಿ, ಭಾರತೀಸುತ, ಟಿ.ಕೆ. ರಾಮರಾವ್, ಎಸ್.ಎಲ್. ಭೈರಪ್ಪ, ಶ್ರೀಕೃಷ್ಣ ಆಲನಹಳ್ಳಿ, ಯಾರ ಪುಸ್ತಕ ತೆರೆದರೂ ಅದರಿಂದ ಒಂದು ಸಿನಿಮಾ ಹೊರಟಿತ್ತು, ಇಲ್ಲವೇ ಹೊರಡಲು ಸಿದ್ಧವಾಗಿತ್ತು. ಕಾರಣ ಸರಳ. ಮನೆಮನೆಯಲ್ಲಿ ಓದಿದ ಕಥೆಗೆ ಜನ ಬಂದೇ ಬರುತ್ತಾರೆಂಬ ಧೈರ್ಯ ನಿರ್ಮಾಪಕರಿಗಿತ್ತು.

ನಮ್ಮೂರು ಚಳ್ಳಕೆರೆ ತಾಲ್ಲೂಕಿನ ತಳುಕು ಹೋಬಳಿ. ತರಾಸು ಹೆಸರಿನ ಮೊದಲ ಅಕ್ಷರ ನಮ್ಮ ತಳುಕೇ. ಅವರ ದೊಡ್ಡ ಮನೆತನ ಇಲ್ಲಿಯದು. ಕುವೆಂಪು ಅವರಿಗೆ ಗುರುಗಳಾದ ತಳುಕಿನ ವೆಂಕಣ್ಣಯ್ಯನವರೂ ಅದೇ ಮನೆಯವರು. ಮಳೆ ಕಡಿಮೆಯ ಸೀಮೆ, ಶೇಂಗಾ ಬಿಟ್ಟರೆ ಬೇರೆ ದುಡ್ಡಿನ ಬೆಳೆ ಇರಲಿಲ್ಲ. ಅಕ್ಕ ಚಳ್ಳಕೆರೆಯ ಬಾಡಿಗೆ ಪುಸ್ತಕದಂಗಡಿಯಿಂದ ದಿನಕ್ಕೆ ಹತ್ತು ಪೈಸೆ ಕೊಟ್ಟು ಕಾದಂಬರಿ ತರುತ್ತಿದ್ದಳು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಅವ್ವ ಶೇಂಗಾ ಸುಲಿಯುತ್ತಾ ಕೂರುವುದು, ಅಕ್ಕ ಲಾಟೀನಿನ ಬೆಳಕಲ್ಲಿ ಗಟ್ಟಿಯಾಗಿ ಓದುವುದು, ಪಕ್ಕದ ಮನೆಯ ಹೆಂಗಸರು ಬಂದು ಗೋಡೆಗೊರಗುವುದು. 'ಶರಪಂಜರ' ಮುಗಿಯಲು ನಾಲ್ಕು ರಾತ್ರಿ ಹಿಡಿಯಿತು.

ಚಿತ್ರ ನಮ್ಮ ಕಡೆಗೆ ಬರುವುದು ಎಷ್ಟೋ ತಿಂಗಳ ಮೇಲೆ. ಪ್ರಿಂಟುಗಳು ಕೆಲವೇ ಇರುತ್ತಿದ್ದವು. ಮೊದಲು ಬೆಂಗಳೂರು, ಮೈಸೂರು. ಆಮೇಲೆ ದಾವಣಗೆರೆ, ದುರ್ಗದಂಥ ಎರಡನೇ ಸುತ್ತಿನ ಬಿ ಸೆಂಟರು. ಗೀರು ಬಿದ್ದು, ಅಲ್ಲಲ್ಲಿ ತುಂಡಾಗಿ ಅಂಟಿಸಿಕೊಂಡ ಮೇಲೆ ಟೂರಿಂಗ್ ಟಾಕೀಸು. ಈ ತಡವೇ ನಮಗೆ ವರವಾಯಿತು. ಬೆಂಗಳೂರಿನಲ್ಲಿ ಚಿತ್ರ ಬಿಡುಗಡೆಯಾದ ಸುದ್ದಿ ಕೇಳಿದೊಡನೆ ಬಾಡಿಗೆ ಅಂಗಡಿಯಲ್ಲಿ ಆ ಪುಸ್ತಕಕ್ಕೆ ಸರದಿ ಶುರು. ಪೆಟ್ಟಿಗೆ ಬಸ್ಸಿನಿಂದ ಇಳಿಯುವಷ್ಟರಲ್ಲಿ ಊರಿಗೆ ಊರೇ ಕಥೆ ಓದಿ, ಪಾತ್ರಗಳ ಬಗ್ಗೆ ಜಗಳವಾಡಿ ಕಾದಿರುತ್ತಿತ್ತು.

ಟೂರಿಂಗ್ ಟಾಕೀಸಿನ ಟೆಂಟು ನೋಡದವರಿಗೆ ಒಂದೆರಡು ಮಾತು. ಸಂಜೆ ಕತ್ತಲಾಗುತ್ತಿದ್ದಂತೆ ಧ್ವನಿವರ್ಧಕದಲ್ಲಿ ಘಂಟಸಾಲರ ವೆಂಕಟೇಶನ ಭಕ್ತಿಗೀತೆ ಹಾಕುತ್ತಿದ್ದರು. ಅದು ಕೇಳಿತೆಂದರೆ ಟಿಕೆಟ್ ಕೊಡಲು ಶುರು ಎಂದರ್ಥ. ನೆಲ, ಬೆಂಚು, ಕುರ್ಚಿ ಹೀಗೆ ದರ್ಜೆಗಳು. ನೆಲದ್ದಕ್ಕೆ ಗಾಂಧಿ ಕ್ಲಾಸು ಎಂದು ಹೆಸರು. ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದೆವು. ಪ್ರೊಜೆಕ್ಟರು ಒಂದೇ ಆದ್ದರಿಂದ ರೀಲು ಬದಲಿಸಲು ನಡುನಡುವೆ ದೀಪ ಹಾಕಲೇಬೇಕು. ಆ ಬಿಡುವಿನಲ್ಲಿ ಅವ್ವ ಅಕ್ಕನನ್ನು ಕೇಳುವಳು, 'ಪುಸ್ತಕದಾಗೆ ಹಿಂಗೇ ಐತೇನೇ?' ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರು. ಅದರಲ್ಲಿ ಅರ್ಧ ಕಥೆ ಬರೆದು ಮಿಕ್ಕದ್ದನ್ನು ಬೆಳ್ಳಿಪರದೆಯ ಮೇಲೆ ನೋಡಿ ಎನ್ನುತ್ತಿದ್ದರು. ಮಿಕ್ಕದ್ದೂ ನಮಗೆ ಗೊತ್ತಿತ್ತು. ಮುಂದೇನಾಗುತ್ತದೆಂದು ನೋಡಲು ನಾವು ಹೋಗುತ್ತಿರಲಿಲ್ಲ. ಹೇಗಾಗುತ್ತದೆಂದು ನೋಡಲು ಹೋಗುತ್ತಿದ್ದೆವು.

'ಬಂಗಾರದ ಮನುಷ್ಯ' 1972ರದ್ದು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಆ ವರ್ಷ ಮಳೆ ಕೈಕೊಟ್ಟಿತ್ತು. ಕಲ್ಲುಭೂಮಿಯನ್ನು ಕಥಾನಾಯಕ ರಾಜೀವ ಹಸನು ಮಾಡುವುದನ್ನು ನಮ್ಮಪ್ಪ ಉಸಿರು ಬಿಗಿಹಿಡಿದು ನೋಡಿದ. ಕೊನೆಯಲ್ಲಿ ರಾಜೀವ ತಾನು ಬೆಳೆಸಿದ್ದನ್ನೆಲ್ಲ ಬಿಟ್ಟು ನಡೆದು ಹೋಗುವಾಗ ಟೆಂಟಿನಲ್ಲಿ ಗಂಡಸರೇ ಬಿಕ್ಕಿದರು. ಪೇಟೆ ಬಿಟ್ಟು ಹಳ್ಳಿಗೆ ಬಂದು ಬೇಸಾಯ ಹಿಡಿದೆ, ಅದಕ್ಕೆ ಈ ಚಿತ್ರವೇ ಕಾರಣ ಎನ್ನುವವರನ್ನು ನನ್ನ ಬಸ್ಸಿನಲ್ಲೇ ಕಂಡಿದ್ದೇನೆ.

ಅದೇ ವರ್ಷ 'ನಾಗರಹಾವು'. ನಾನಾಗ ದುರ್ಗದಲ್ಲಿ ಪಿಯುಸಿ ಓದುತ್ತಿದ್ದೆ. ಕೋಟೆಯಲ್ಲಿ ಶೂಟಿಂಗ್ ಎಂದು ಕೇಳಿ ತರಗತಿ ಬಿಟ್ಟು ಓಡಿದೆ. ಬಂಡೆಗಳ ನಡುವೆ ಬೆಳಕು ತೂರುವ ಬೆಳ್ಳಿಹಲಗೆಗಳ ಮಿಂಚು ದೂರದಿಂದ ಕಂಡಿತು, ಅಷ್ಟೇ. ತರಾಸು ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಒಂದೇ ಚಿತ್ರಕ್ಕೆ ಇಳಿಸಿದ್ದರು. ವಿಷ್ಣುವರ್ಧನ್ ರಾಮಾಚಾರಿಯಾದರು, ಅಂಬರೀಶ್ ಜಲೀಲನಾಗಿ ಚಿತ್ರರಂಗಕ್ಕೆ ಬಂದರು, ಅಶ್ವತ್ಥರು ಚಾಮಯ್ಯ ಮೇಷ್ಟ್ರಾದರು. ಓಬವ್ವನಾಗಿ ಜಯಂತಿ ಒನಕೆ ಎತ್ತಿದಾಗ ದುರ್ಗದ ಥಿಯೇಟರಿನಲ್ಲಿ ಎದ್ದ ಕೂಗು ಈಗಲೂ ಕಿವಿಯಲ್ಲಿದೆ. ಅವಳು ನಿಂತದ್ದು ನಾವು ದಿನಾ ನೋಡುವ ಕೋಟೆಯ ಕಿಂಡಿಯಲ್ಲಿ. ತಾವು ಬರೆದ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ತರಾಸು ನೊಂದುಕೊಂಡದ್ದು ಪ್ರಸಿದ್ಧ. ಮೂರು ಪುಸ್ತಕಗಳನ್ನೂ ಓದಿದ ನನಗೆ ಅವರ ನೋವು ಅರ್ಥವಾಗುತ್ತದೆ. ಆದರೂ ಆ ಚಿತ್ರ ನೋಡಿ ಬಂದು ಮೂರನ್ನೂ ಮೊದಲಿಂದ ಓದಿದವನು ನಾನು. ನನ್ನ ಗೆಳೆಯರೂ ಓದಿದರು.

'ಹಂಸಗೀತೆ'ಯೂ ತರಾಸು ಅವರದೇ, ಅದೂ ದುರ್ಗದ್ದೇ ಕಥೆ: ಭೈರವಿ ವೆಂಕಟಸುಬ್ಬಯ್ಯನೆಂಬ ಸಂಗೀತಗಾರನ ಬಾಳು. ಹಿಂದಿಯವರು 1956ರಲ್ಲೇ ಇದನ್ನು 'ಬಸಂತ್ ಬಹಾರ್' ಮಾಡಿದ್ದರು. 19 ವರ್ಷದ ಮೇಲೆ ಜಿ.ವಿ. ಅಯ್ಯರ್ ಅದನ್ನು ಕನ್ನಡಕ್ಕೆ ಮರಳಿ ತಂದರು. ಅನಂತನಾಗ್ ಅಭಿನಯ, ಬಾಲಮುರಳಿಕೃಷ್ಣರ ಗಾಯನಕ್ಕೆ ರಾಷ್ಟ್ರಪ್ರಶಸ್ತಿ. ಸಂಗೀತದ ಗಂಧವೇ ಇಲ್ಲದ ನಾನು ಆ ಚಿತ್ರ ನೋಡಿ ಬಂದ ಮೇಲೆ ರೇಡಿಯೋದ ಸಂಗೀತ ಕಛೇರಿಯನ್ನು ಆರಿಸದೆ ಕೂತು ಕೇಳಲು ಕಲಿತೆ.

'ಚೋಮನ ದುಡಿ' ನೋಡಿದ್ದು ಕೆಲಸಕ್ಕೆ ಸೇರಿದ ವರ್ಷ. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿಯನ್ನು ಬಿ.ವಿ. ಕಾರಂತರು 42 ವರ್ಷದ ನಂತರ ತೆರೆಗೆ ತಂದರು. ರಾಷ್ಟ್ರದ ಶ್ರೇಷ್ಠ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ. ಆದರೆ ನನಗೆ ಅದು ನಾಟಿದ್ದು ಬೇರೆ ಕಾರಣಕ್ಕೆ. ಆಗಿನ ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಯಾಗಿತ್ತು. ಭೂ ನ್ಯಾಯಮಂಡಳಿಯ ಮುಂದೆ ನಿಲ್ಲಲು ಗೇಣಿದಾರರು ಉಳುವ ನೆಲದ ಹಕ್ಕು ಕೇಳುವ ಏಳನೇ ನಮೂನೆಯ ಕಾಗದ ಎದೆಗವಚಿಕೊಂಡು ನನ್ನ ಬಸ್ಸನ್ನೇ ಹತ್ತುತ್ತಿದ್ದರು. ಒಂದು ತುಂಡು ನೆಲ ಉಳಬೇಕೆಂಬ ಚೋಮನ ಆಸೆ ಹಗಲು ನನ್ನ ಬಸ್ಸಿನ ಸೀಟಿನಲ್ಲಿ ಕೂತಿರುತ್ತಿತ್ತು, ರಾತ್ರಿ ಪರದೆಯ ಮೇಲೆ ದುಡಿ ಬಡಿಯುತ್ತಿತ್ತು. ಉಳಲು ಗೇಣಿ ನೆಲವೂ ಸಿಗದಂತೆ ಜಾತಿಯೇ ಅಡ್ಡ ನಿಂತ ಚೋಮನಿಗೆ ಆ ನಮೂನೆಯ ಕಾಗದವೂ ಇರುತ್ತಿರಲಿಲ್ಲ ಎಂಬುದು ಆ ರಾತ್ರಿ ನನಗೆ ತಿಳಿಯಿತು.

1977ರ 'ಘಟಶ್ರಾದ್ಧ'ವನ್ನು ದಾವಣಗೆರೆಯ ಬೆಳಗಿನ ಆಟದಲ್ಲಿ ನೋಡಿದೆ. ಅನಂತಮೂರ್ತಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, ಮೊದಲ ಚಿತ್ರಕ್ಕೇ ಸ್ವರ್ಣಕಮಲ. ಥಿಯೇಟರಿನಲ್ಲಿ ಮೂವತ್ತು ಜನರೂ ಇರಲಿಲ್ಲ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುವುದನ್ನು ಪುಟ್ಟ ನಾಣಿಯ ಕಣ್ಣಿಂದ ನೋಡಿ ಹೊರಬಂದಾಗ ಬಿಸಿಲು ಕಣ್ಣಿಗೆ ಚುಚ್ಚಿತು. ಇಂಥ ಚಿತ್ರಗಳಿಗೆ ದಾರಿ ಕಡಿದದ್ದು 1970ರ 'ಸಂಸ್ಕಾರ'. ಮೊದಲು ಸೆನ್ಸಾರಿನವರು ತಡೆದರು. ಬಿಡುಗಡೆಯಾದ ಮೇಲೆ ಕನ್ನಡಕ್ಕೆ ಮೊಟ್ಟಮೊದಲ ಸ್ವರ್ಣಕಮಲ ತಂದಿತು. ಅದರಲ್ಲಿ ಚಂದ್ರಿಯಾದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಸೆರೆಯಾಗಿ, ಜೈಲಿನಿಂದ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ನೆನಪಿಗೆ ಕೈ ಮುಗಿಯದೆ ಆ ದಶಕದ ಮಾತು ಮುಗಿಸಬಾರದು.

ಇಷ್ಟಾದರೂ ಮೊದಲ ಸ್ಥಾನ ನಾನು ಕೊಡುವುದು 1971ರ 'ಶರಪಂಜರ'ಕ್ಕೆ. ಚಿತ್ರ ಬರುವ ಹೊತ್ತಿಗೆ ತ್ರಿವೇಣಿ ತೀರಿ ಎಂಟು ವರ್ಷವಾಗಿತ್ತು. ಬಾಣಂತನದಲ್ಲಿ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುವ ಕಾವೇರಿಯನ್ನು ಗಂಡನೂ ಲೋಕವೂ ಹುಚ್ಚಿಯೆಂದೇ ನೋಡುತ್ತಾರೆ. ಆ ನೋಟವೇ ಅವಳನ್ನು ಮತ್ತೆ ಕೆಡವುತ್ತದೆ. ಕಲ್ಪನಾ ಅದನ್ನು ಅಭಿನಯಿಸಿದ ರೀತಿಗೆ ಸಾಟಿಯಾದದ್ದನ್ನು ಕನ್ನಡದಲ್ಲಿ ನಾನು ನೋಡಿಲ್ಲ.

ನಮ್ಮ ಬೀದಿಯಲ್ಲೂ ಅಂಥವಳೊಬ್ಬಳಿದ್ದಳು. ಆಸ್ಪತ್ರೆಯಿಂದ ಬಂದು ಎರಡು ವರ್ಷವಾಗಿದ್ದರೂ ಬಾವಿಕಟ್ಟೆಯಲ್ಲಿ ಅವಳ ಪಕ್ಕ ಯಾರೂ ಕೊಡ ಇಡುತ್ತಿರಲಿಲ್ಲ. ಅಕ್ಕ ಪುಸ್ತಕ ಓದಿದ ರಾತ್ರಿಗಳಲ್ಲಿ ಅವ್ವ ಏನೂ ಮಾತಾಡಲಿಲ್ಲ. ಟೆಂಟಿನಲ್ಲಿ ಚಿತ್ರ ನೋಡಿ ಬಂದ ಮರುದಿನ ಒಂದು ಚೊಂಬು ಮಜ್ಜಿಗೆ ಹಿಡಿದು ಆ ಮನೆಗೆ ಹೋದಳು. ಜಗಲಿಯ ಮೇಲೆ ಅವಳ ಜೊತೆ ಕೂತು ಹೊತ್ತು ಏರುವ ತನಕ ಮಾತಾಡಿದಳು. ಆ ವಾರ ಬಾವಿಕಟ್ಟೆಯಲ್ಲಿ ಅವಳ ಕೊಡದ ಪಕ್ಕ ಅವ್ವನ ಕೊಡ ಇತ್ತು. ಬರಬರುತ್ತಾ ಬೇರೆಯವರ ಕೊಡಗಳೂ ಬಂದವು. ಆಮೇಲಿನ ನನ್ನ ಆಯುಷ್ಯದಲ್ಲಿ ಸಿನಿಮಾದ ಬೆಲೆಯನ್ನು ಇದಕ್ಕಿಂತ ಬೇರೆ ಅಳತೆಯಿಂದ ಅಳೆದಿಲ್ಲ.

ಆ ದಶಕ ಮುಗಿಯುವ ವರ್ಷವೇ, 1979ರಲ್ಲಿ, ಕಲ್ಪನಾ ಹೋದರು. 1984ರಲ್ಲಿ ತರಾಸು, 1985ರಲ್ಲಿ ಪುಟ್ಟಣ್ಣ. ಮನೆಗಳಿಗೆ ಟಿವಿ ಬಂತು. ಬೇರೆ ಭಾಷೆಯಲ್ಲಿ ಗೆದ್ದ ಚಿತ್ರಗಳ ಕಥೆ ಕೊಳ್ಳುವುದು ಕಾದಂಬರಿ ಹುಡುಕುವುದಕ್ಕಿಂತ ಹಗುರವಾಯಿತು. ಚಳ್ಳಕೆರೆಯ ಬಾಡಿಗೆ ಪುಸ್ತಕದಂಗಡಿ ಮುಚ್ಚಿತು. ಟೆಂಟು ಬಿಚ್ಚಿದವರು ಮತ್ತೆ ಕಟ್ಟಲಿಲ್ಲ. ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಬಸ್ಸಿನ ಮೇಲೆ ಫಿಲ್ಮ್ ಪೆಟ್ಟಿಗೆ ಏರಿಸುವವರೇ ಇರಲಿಲ್ಲ. ಚಿತ್ರಗಳೆಲ್ಲ ಡಿಜಿಟಲ್ ಆಗಿದ್ದವು.

ಈ ಆರು ಚಿತ್ರಗಳನ್ನು ಇಂದಿನ ಹುಡುಗರು ಫೋನಿನಲ್ಲಿ ನೋಡುತ್ತಾರೆ, ಸಂತೋಷ. ಅವರಲ್ಲಿ ನನ್ನದೊಂದು ಬೇಡಿಕೆ ಇದೆ. ಮೊದಲು ಪುಸ್ತಕ ತನ್ನಿ. ಮನೆಯಲ್ಲಿ ಓದಲು ಬಾರದವರು, ಕಣ್ಣು ಮಂಜಾದವರು ಯಾರಾದರೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಚಿತ್ರ ನೋಡಿ.