ಸಿಂಪ್ಯೂಟರ್: ಫ್ಯಾನ್ ಬೇಡದ ಕಂಪ್ಯೂಟರ್

ಸಿಂಪ್ಯೂಟರ್ ಬೆಂಗಳೂರಿನಲ್ಲಿ ರೂಪುಗೊಂಡ ಅಂಗೈಯಗಲದ ಕಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳು ಅದರ ಮೊದಲ ಮಾದರಿಯನ್ನು 2001ರ ಏಪ್ರಿಲ್‌ನಲ್ಲಿ ಹೊರತಂದರು. ಹಳ್ಳಿಯ ಓದುಬಾರದವರಿಗೂ ಕನ್ನಡದಲ್ಲೇ ಮಾತಾಡುವ ಯಂತ್ರ ಬೇಕೆಂಬುದು ಅವರ ಹಂಬಲ.

ಹುಣಸಗಿಯಂತೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಿ ಇಂಥ ಯಂತ್ರಕ್ಕೆ ಬಿಸಿಯೇ ದೊಡ್ಡ ಶತ್ರು. ಮೂರು ಪುಟ್ಟ ಸೆಲ್‌ಗಳ ಮೇಲೆ ಓಡುವ ಪೆಟ್ಟಿಗೆಯಲ್ಲಿ ಫ್ಯಾನಿಗೆ ಜಾಗವೆಲ್ಲಿ? ಉತ್ತರ ಸಿಕ್ಕಿದ್ದು ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿನಲ್ಲಿ. ಚಿಪ್ ನುಂಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣ. ವೋಲ್ಟೇಜ್ ಅರ್ಧವಾದರೆ, ವೇಗ ಅಷ್ಟೇ ಇದ್ದರೂ, ಬಿಸಿ ಕಾಲುಭಾಗಕ್ಕೆ ಇಳಿಯುತ್ತದೆ. ಡಿಜಿಟಲ್ ಕಂಪನಿಯ ಹಳೆಯ ಆಲ್ಫಾ ಚಿಪ್ 3.45 ವೋಲ್ಟಿನಲ್ಲಿ 26 ವ್ಯಾಟ್ ಸುಡುತ್ತಿತ್ತು. ಅದೇ ಕಂಪನಿಯವರು 1996ರ ಸ್ಟ್ರಾಂಗ್‌ಆರ್ಮ್‌ನಲ್ಲಿ ವೋಲ್ಟೇಜನ್ನು 1.5ರ ಆಸುಪಾಸಿಗೆ ಇಳಿಸಿ, ವಿನ್ಯಾಸವನ್ನೂ ಸರಳಗೊಳಿಸಿ ಅರ್ಧ ವ್ಯಾಟಿಗೆ ತಂದರು. ಸಿಂಪ್ಯೂಟರಿನಲ್ಲಿದ್ದ ಸ್ಟ್ರಾಂಗ್‌ಆರ್ಮ್ ಬಳಗದ ಎಸ್‌ಎ-1110 ಚಿಪ್ 206 ಮೆಗಾಹರ್ಟ್ಜ್‌ಗೆ 1.75 ವೋಲ್ಟ್ ಬೇಡಿದರೆ, 133 ಮೆಗಾಹರ್ಟ್ಜ್‌ಗೆ 1.55 ವೋಲ್ಟ್ ಸಾಕೆನ್ನುತ್ತಿತ್ತು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ 'ಅಮಿಡಾ' ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಕರ್ನಾಟಕ ಸರ್ಕಾರ ಭೂದಾಖಲೆಗಳ ಕೆಲಸಕ್ಕೂ ಸಿಂಪ್ಯೂಟರನ್ನು ಬಳಸಿತು. ಮಾರಾಟ ಮಾತ್ರ ನಿರೀಕ್ಷೆ ಮುಟ್ಟಲಿಲ್ಲ. ಆ ಸೋಲನ್ನಷ್ಟೇ ನೆನೆಯುವುದು ಅನ್ಯಾಯ; ಸ್ಮಾರ್ಟ್‌ಫೋನ್ ಮನೆಮಾತಾಗುವ ಮುನ್ನವೇ ಬೆಂಗಳೂರಿನವರು ಫ್ಯಾನಿಲ್ಲದೆ ತಣ್ಣಗಿರುವ ಕಿಸೆಗಂಪ್ಯೂಟರನ್ನು ಕಟ್ಟಿ ನಡೆಸಿದ್ದರು.