ಗೋಡೆಗೆ ಕಟ್ಟಿದ ತೊಟ್ಟಿಲು

ಅಮೆರಿಕದಲ್ಲಿ ಮಗಳ ಬಾಣಂತನ ಮುಗಿಸಿ, ಮೊಮ್ಮಗುವನ್ನು ಮನೆದೇವರಿಗೆ ತೋರಿಸಲು ಊರಿಗೆ ಕರೆತರುವ ಕುಟುಂಬಗಳಲ್ಲಿ ಒಂದು ಮಾತು ಈಗ ಸಾಮಾನ್ಯ: ‘ಬ್ಯಾಸಿನೆಟ್ ಸೀಟು ಸಿಕ್ಕಿದೆ, ಇನ್ನು ಕೂಸಿನ ಚಿಂತೆಯಿಲ್ಲ.’ 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ನೇರ ವಿಮಾನ ಹಾರಿಸಿತು. ಸುಮಾರು 17 ಗಂಟೆಯ ಪಯಣ. ಅಷ್ಟು ಹೊತ್ತು ಕೂಸನ್ನು ಮಡಿಲಲ್ಲೇ ಹಿಡಿದು ಕೂರುವುದು ಯಾವ ತಾಯಿಗೂ ಆಗದ ಕೆಲಸ. ಬ್ಯಾಸಿನೆಟ್ ಎಂಬ, ಸೀಟಿನ ಮುಂದಿನ ಗೋಡೆಗೆ ಸಿಕ್ಕಿಸುವ ಆ ತೊಟ್ಟಿಲು ಬೇಕೇ ಬೇಕು. ಆದರೆ ಅದು ರಕ್ಷಣಾ ಸಾಧನ ಎಂಬ ನಂಬಿಕೆಗೆ ಬುಡವಿಲ್ಲ. ವಿಮಾನ ಏರುವಾಗ, ಇಳಿಯುವಾಗ, ರನ್‌ವೇ ಕಡೆಗೆ ಸಾಗುವಾಗ ಅದನ್ನು ಬಿಚ್ಚಿ ಎತ್ತಿಡಲೇಬೇಕು. ಮಗುವಿನ ರಕ್ಷಣೆಯ ಪ್ರಶ್ನೆ ಎದುರಾಗುವ ಗಳಿಗೆಯಲ್ಲೇ ತೊಟ್ಟಿಲು ಅಲ್ಲಿರುವುದಿಲ್ಲ.

ಆರಂಭದ ಕಥೆ ಚಿಕ್ಕದು. 1950ರ ದಶಕದಲ್ಲಿ ಬ್ರಿಟನ್ನಿನ ಬಿಒಎಸಿ ಕಂಪನಿ ‘ಸ್ಕೈಕಾಟ್’ ಎಂಬುದನ್ನು ಪ್ರಚಾರಕ್ಕೆ ತಂದಿತ್ತು. ಅಂದಿನ ಛಾಯಾಚಿತ್ರಗಳಲ್ಲಿ ತಂದೆತಾಯಿಯ ತಲೆಯ ಮೇಲೆ, ಸಾಮಾನಿಡುವ ತೆರೆದ ಅಟ್ಟಣಿಗೆಗೆ ತೂಗುಬಿಟ್ಟ ಪುಟ್ಟ ತೊಟ್ಟಿಲಿನಿಂದ ಮಗು ಇಣುಕುತ್ತದೆ. ಬಿದ್ದರೆ ಏನು ಗತಿ ಎಂಬ ಯೋಚನೆ ಆ ಚಿತ್ರಗಳಲ್ಲಿ ಯಾರ ಮುಖದಲ್ಲೂ ಇಲ್ಲ. ಕ್ಯಾಬಿನ್‌ನಲ್ಲೇ ಸಿಗರೇಟು ಹಚ್ಚುತ್ತಿದ್ದ ಕಾಲ ಅದು. 1970ರಲ್ಲಿ ಬೋಯಿಂಗ್ 747 ಬಂದ ಮೇಲೆ ತೆರೆದ ಅಟ್ಟಣಿಗೆ ಹೋಗಿ ಮುಚ್ಚಳದ ಪೆಟ್ಟಿಗೆಗಳು ಬಂದವು. ತೊಟ್ಟಿಲೂ ಕೆಳಗಿಳಿದು ಅಡ್ಡಗೋಡೆಗೆ ಅಂಟಿತು. ಗೋಡೆಗೆ ಸಿಕ್ಕಿಸುವ ಹಿಡಿಕೆ, ಒಳಗೊಂದು ತೆಳು ಹಾಸಿಗೆ, ಮೇಲೊಂದು ಪಟ್ಟಿ ಅಥವಾ ಹೊದಿಕೆ, ಸಾಮಾನ್ಯವಾಗಿ 10ರಿಂದ 14 ಕಿಲೋ ತೂಕದ ಮಿತಿ. ಅಲ್ಲಿಂದೀಚೆಗೆ ಸೀಟು ಬದಲಾಯಿತು, ಪರದೆ ಬದಲಾಯಿತು, ಊಟ ಬದಲಾಯಿತು. ತೊಟ್ಟಿಲು ಹೆಚ್ಚೇನೂ ಬದಲಾಗಲಿಲ್ಲ.

ಅದು ಹುಟ್ಟಿದ್ದೇ ಟಿಕೆಟ್ ದರದ ಲೆಕ್ಕದಿಂದ. ಎರಡು ವರ್ಷ ತುಂಬದ ಮಗುವಿಗೆ ಸೀಟು ಕೊಳ್ಳಬೇಕಾಗಿಲ್ಲ; ಅಂತರರಾಷ್ಟ್ರೀಯ ಪಯಣದಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೇ ಒಂದು ಪಾಲು ಕೊಟ್ಟರೆ ಸಾಕು. ಸೀಟಿಲ್ಲದ ಪ್ರಯಾಣಿಕನಿಗೆ ಮಲಗಲು ಒಂದು ಜಾಗ ಬೇಕಾಯಿತು, ಅಷ್ಟೇ.

1989ರ ನಂತರ ಕ್ಯಾಬಿನ್ ಸುರಕ್ಷತೆಯ ಕೆಲಸಕ್ಕೆ ಬಂದ ತಲೆಮಾರಿಗೆ ಮೊದಲ ಪಾಠ ಅಮೆರಿಕದ ಸೂ ಸಿಟಿಯ ಅಪಘಾತ. ಆ ವರ್ಷ ಜುಲೈ 19ರಂದು ಯುನೈಟೆಡ್ ಏರ್‌ಲೈನ್ಸ್‌ನ 232ನೇ ವಿಮಾನದ ಬಾಲದ ಎಂಜಿನ್ ಸಿಡಿದು, ನಿಯಂತ್ರಣದ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಕೈಕೊಟ್ಟಿತು. ಸೀಟಿಲ್ಲದ ನಾಲ್ಕು ಮಕ್ಕಳು ವಿಮಾನದಲ್ಲಿದ್ದರು. ಮುಖ್ಯ ಗಗನಸಖಿ ಜ್ಯಾನ್ ಬ್ರೌನ್ ಕೈಪಿಡಿಯಲ್ಲಿ ಬರೆದಿದ್ದಂತೆಯೇ ಹೇಳಿದರು: ಮಕ್ಕಳನ್ನು ಕಾಲಬುಡದಲ್ಲಿ ಮಲಗಿಸಿ, ದಿಂಬು ಒತ್ತರಿಸಿ, ಹಿಡಿದುಕೊಳ್ಳಿ. ಸೂ ಸಿಟಿಯಲ್ಲಿ ವಿಮಾನ ನೆಲಕ್ಕೆ ಅಪ್ಪಳಿಸಿತು. 296 ಜನರಲ್ಲಿ 112 ಮಂದಿ ಸತ್ತರು. ಆ ನಾಲ್ವರಲ್ಲಿ ಒಂದು ಮಗು ಬದುಕಲಿಲ್ಲ. ಉರಿಯುತ್ತಿದ್ದ ವಿಮಾನದೊಳಕ್ಕೆ ಮಗುವಿಗಾಗಿ ಮರಳಿ ನುಗ್ಗಲು ಹೊರಟ ತಾಯಿಯನ್ನು ತಡೆದವರೂ ಬ್ರೌನ್ ಅವರೇ. ಮುಂದಿನ ದಶಕಗಳಲ್ಲಿ ‘ಪ್ರತಿ ಮಗುವಿಗೂ ಒಂದು ಸೀಟು’ ಎಂದು ಅಮೆರಿಕದ ಸಂಸತ್ತಿನ ಬಾಗಿಲು ತಟ್ಟಿದವರಲ್ಲಿ ಅವರಷ್ಟು ಹಠ ಹಿಡಿದವರು ಕಡಿಮೆ.

1990ರಲ್ಲೇ ಅಲ್ಲಿನ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಮಕ್ಕಳಿಗೆ ಕಡ್ಡಾಯ ಆಸನ ಬೇಕೆಂದು ಶಿಫಾರಸು ಮಾಡಿತು. 1994ರಲ್ಲಿ ಷಾರ್ಲಟ್‌ನಲ್ಲಿ ಯುಎಸ್‌ಏರ್ 1016 ವಿಮಾನ ಬಿದ್ದಾಗ ತಾಯಿಯ ತೋಳಿನಿಂದ ಕಿತ್ತುಹೋದ ಒಂಬತ್ತು ತಿಂಗಳ ಮಗುವೊಂದು ತೀರಿಕೊಂಡಿತು. ಆದರೂ ನಿಯಂತ್ರಕ ಎಫ್‌ಎಎ ಒಪ್ಪಲಿಲ್ಲ. ಅದರ ವಾದ: ಸೀಟು ಕಡ್ಡಾಯ ಮಾಡಿದರೆ ಖರ್ಚಿಗೆ ಹೆದರಿ ಕುಟುಂಬಗಳು ಕಾರಿನಲ್ಲಿ ಹೊರಡುತ್ತವೆ, ರಸ್ತೆಯಲ್ಲಿ ಇನ್ನೂ ಹೆಚ್ಚು ಮಕ್ಕಳು ಸಾಯುತ್ತಾರೆ. 2003ರಲ್ಲಿ ಸಂಶೋಧಕ ನ್ಯೂಮನ್ ಮತ್ತು ಸಂಗಡಿಗರ ಲೆಕ್ಕ ಇದಕ್ಕೆ ಬೆಂಬಲವಾಯಿತು: ಕಡ್ಡಾಯದಿಂದ ಅಮೆರಿಕದಲ್ಲಿ ಉಳಿಯುವ ಜೀವ ವರ್ಷಕ್ಕೆ ಸರಾಸರಿ 0.4. 2005ರಲ್ಲಿ ಎಫ್‌ಎಎ ಪ್ರಸ್ತಾಪವನ್ನು ಕೈಬಿಟ್ಟಿತು. ಅಂಕಿ ತಪ್ಪಲ್ಲ, ಆದರೆ ಅದು ಡೆನ್ವರ್‌ನಿಂದ ಷಿಕಾಗೋಗೆ ಹೊರಟವರ ಲೆಕ್ಕ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಕಾರಿನಲ್ಲಿ ಬರುವವರು ಯಾರೂ ಇಲ್ಲ. ದೂರಪ್ರಯಾಣವನ್ನೂ ಅದೇ ಮೂಟೆಗೆ ಕಟ್ಟಿಹಾಕಿದ್ದನ್ನು ಆಗ ಹೆಚ್ಚು ಜನ ಪ್ರಶ್ನಿಸಲಿಲ್ಲ.

ಬೆಲ್ಟಿನ ವಿಷಯದಲ್ಲೂ ಜಗತ್ತು ಎರಡು ಹೋಳು. ಯುರೋಪಿನಲ್ಲಿ, ಭಾರತದಲ್ಲಿ ದೊಡ್ಡವರ ಬೆಲ್ಟಿಗೆ ಮಗುವಿನ ಪುಟ್ಟ ಬೆಲ್ಟನ್ನು ಪೋಣಿಸಿ ಕೊಡುತ್ತಾರೆ. ಅಮೆರಿಕ ಅದನ್ನು ಒಪ್ಪುವುದಿಲ್ಲ: ಅಪಘಾತದಲ್ಲಿ ದೊಡ್ಡವರ ಮೈ ಮುಂದಕ್ಕೆ ಮಡಚಿಕೊಂಡಾಗ ನಡುವೆ ಮಗು ನಜ್ಜುಗುಜ್ಜಾಗುತ್ತದೆ ಎಂಬುದನ್ನು ಅಲ್ಲಿನ ಬೊಂಬೆ ಪರೀಕ್ಷೆಗಳು ತೋರಿಸಿದ್ದವು. ಇತ್ತ ಬೆಲ್ಟ್ ಇಲ್ಲದಿದ್ದರೆ ಮಗು ಕೈಯಿಂದ ಹಾರುತ್ತದೆ. ಎರಡೂ ಕಡೆಯ ವಾದ ನಿಜ. ಸೀಟು ಕೊಡದೆ ತಪ್ಪಿಸಿಕೊಳ್ಳುವ ದಾರಿ ಮಾತ್ರ ಎರಡಕ್ಕೂ ಒಂದೇ.

ಎಂಜಿನಿಯರುಗಳು ಹೀಗೆ ಏರಿಳಿತದ ಕೆಲವೇ ನಿಮಿಷಗಳ ಸುತ್ತ ಜಗಳವಾಡುತ್ತಿದ್ದಾಗ, ನಡುವಿನ ಗಂಟೆಗಳನ್ನು ಗಮನಿಸಿದವರು ಮಕ್ಕಳ ವೈದ್ಯರು. ಈ ಕ್ಷೇತ್ರದ ಬೆಲೆಯುಳ್ಳ ಕೆಲಸ ಅವರದು ಎಂದರೆ ಹೆಚ್ಚಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. 1998ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದಲ್ಲಿ 34 ಆರೋಗ್ಯವಂತ ಶಿಶುಗಳಿಗೆ ಅಂಥದ್ದೇ ತೆಳುಗಾಳಿ ಕೊಟ್ಟು ನೋಡಿದರು. ನಾಲ್ಕು ಶಿಶುಗಳ ರಕ್ತದ ಆಮ್ಲಜನಕ ತೀರ ಕುಸಿದು ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. 2014ರಲ್ಲಿ ರೊಟ್ಟಾ ಮತ್ತು ಸಹವೈದ್ಯರು ಹಾರಾಟದ ನಡುವೆ ತೀರಿಕೊಂಡ ಹತ್ತು ಮಕ್ಕಳ ದಾಖಲೆ ತೆರೆದರು. ಒಂಬತ್ತು ಮಕ್ಕಳಿಗೆ ಎರಡು ವರ್ಷವೂ ತುಂಬಿರಲಿಲ್ಲ. ತೂಕಡಿಸುವ ದೊಡ್ಡವರ ಮೈಗೊತ್ತಿ ಮಲಗಿದ ಮಡಿಲ ಕೂಸಿಗೆ ಉಸಿರು ಕಟ್ಟುವ ಅಪಾಯದತ್ತ ಆ ಪ್ರಬಂಧ ಬೊಟ್ಟು ಮಾಡಿತು.

ತೊಟ್ಟಿಲ ಪರವಾದ ನಿಜವಾದ ಸಾಕ್ಷ್ಯ ಇರುವುದು ಇಲ್ಲಿ. ಬೇರೆಯಾದ, ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿದ ಮಗು ನಿದ್ದೆಗಣ್ಣಿನ ತಾಯಿಯ ಎದೆಯ ಮೇಲಿನ ಮಗುವಿಗಿಂತ ಮೇಲು. ನಿದ್ದೆಯ ಲೆಕ್ಕದಲ್ಲಿ ಗೆಲ್ಲುವ ತೊಟ್ಟಿಲು ವಿಮಾನ ಕುಲುಕಿದಾಗ ಸೋಲುತ್ತದೆ.

2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ಎಸ್‌ಕ್ಯೂ 321 ವಿಮಾನ ಮ್ಯಾನ್ಮಾರ್‌ನ ಐರಾವತಿ ಬಯಲಿನ ಮೇಲೆ, 37,000 ಅಡಿ ಎತ್ತರದಲ್ಲಿ ಗಾಳಿಯ ಹೊಡೆತಕ್ಕೆ ಸಿಕ್ಕಿತು. ತನಿಖೆಯ ಪ್ರಾಥಮಿಕ ವರದಿಯ ಪ್ರಕಾರ ವಿಮಾನ ಕಂಪಿಸತೊಡಗಿದ ಮೇಲೆ ಪೈಲಟ್ ‘ಸೀಟ್ ಬೆಲ್ಟ್ ದೀಪ ಹಾಕಿದೆ’ ಎಂದರು. ಎಂಟು ಸೆಕೆಂಡಿನ ಬಳಿಕ, 0.6 ಸೆಕೆಂಡಿನೊಳಗೆ ಮೈಭಾರ ತಲೆಕೆಳಗಾಯಿತು: ಸೀಟಿಗೆ ಅದುಮಿ ಹಿಡಿದಿದ್ದ 1.35 ಜಿ ಬಲ ಮಾಡಿನತ್ತ ಎಸೆಯುವ 1.5 ಜಿ ಆಯಿತು. ಬೆಲ್ಟ್ ಇಲ್ಲದವರು ಮಾಡಿಗೆ ಬಡಿದು ಬಿದ್ದರು, ಒಬ್ಬರು ಸತ್ತರು. ಅಪರಾತ್ರಿಯಲ್ಲಿ ತಾಯಿ ಎಚ್ಚರಗೊಂಡು, ತನ್ನ ಬೆಲ್ಟ್ ಬಿಚ್ಚಿ, ಎದ್ದು, ತೊಟ್ಟಿಲ ಪಟ್ಟಿ ಸಡಿಲಿಸಿ, ಮಗುವನ್ನು ಎತ್ತಿ, ಕೂತು, ಎರಡು ಬೆಲ್ಟ್ ಬಿಗಿಯಲು ಎಂಟು ಸೆಕೆಂಡು ಸಾಕೇ? ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಹೇಳಿದಂತೆ, ಉತ್ತರ ಅಟ್ಲಾಂಟಿಕ್‌ನ ಮೇಲೆ ಮೋಡವಿಲ್ಲದ ಬಾನಿನ ತೀವ್ರ ಕ್ಷೋಭೆಯ ಅವಧಿ 1979ರಿಂದ 2020ರ ನಡುವೆ ಶೇ 55ರಷ್ಟು ಏರಿದೆ. ಅಂಥ ಕ್ಷೋಭೆ ರೇಡಾರಿಗೆ ಕಾಣುವುದಿಲ್ಲ.

ದೀಪ ಹೊತ್ತಿದಾಗ ಏನು ಮಾಡಬೇಕು ಎಂಬುದಕ್ಕೂ ಒಂದೇ ಉತ್ತರವಿಲ್ಲ. ಕೆಲವು ಕಂಪನಿಗಳು ಮಗುವನ್ನು ಎತ್ತಿಕೊಳ್ಳಿ ಎನ್ನುತ್ತವೆ. ಕೆಲವು ಪಟ್ಟಿ ಬಿಗಿದು ಹಾಗೆಯೇ ಬಿಡಿ ಎನ್ನುತ್ತವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2015ರಲ್ಲಿ ಕೈಪಿಡಿ ಹೊರತಂದಾಗಲೂ ಅದರ ವಸ್ತು ಮಕ್ಕಳ ಆಸನವೇ. 2024ರ ಜನವರಿಯಲ್ಲಿ ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಬಾಗಿಲ ಹಲಗೆ ಕಿತ್ತುಹೋದಾಗ ಒಳಗೆ ಮಡಿಲ ಕೂಸುಗಳು ಮೂರಿದ್ದವು. ಮತ್ತೆ ಎದ್ದದ್ದು ಸೀಟಿನ ಚರ್ಚೆ.

ಬೆಂಗಳೂರಿನ ಟಿಕೆಟ್ ಕಾಯ್ದಿರಿಸುವ ತಾಯಿಯನ್ನು ತೊಟ್ಟಿಲಿಗಾಗಿ ಇಂದೂ ಕೇಳುವುದು ಮುಖ್ಯವಾಗಿ ಎರಡೇ ಪ್ರಶ್ನೆ: ಮಗುವಿನ ತೂಕ ಎಷ್ಟು, ಉದ್ದ ಎಷ್ಟು. ಪಕ್ಕದ ಸೀಟನ್ನು ಅರ್ಧ ದರಕ್ಕಾದರೂ ಕೊಟ್ಟರೆ ಕಾರಿನ ಆಸನ ತಂದು ಕಟ್ಟಿಕೊಳ್ಳುತ್ತೀರಾ ಎಂಬ ಮೂರನೆಯ ಪ್ರಶ್ನೆಗೆ ಆ ಅರ್ಜಿಯಲ್ಲಿ ಜಾಗವಿಲ್ಲ.