ಕೂಸಿನ ಕುಲಾವಿ, ಅರಸನ ಕುಳ್ಳಾಯಿ

'ಕೂಸು ಹುಟ್ಟುವ ಮುಂಚೆ ಕುಲಾವಿ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ಕಡಿಮೆ. ಆತುರಗಾರರನ್ನು ಹಂಗಿಸಲು ನಾವು ಅದನ್ನು ದಿನವೂ ಬಳಸುತ್ತೇವೆ. ಆದರೆ ಆ ಕುಲಾವಿಯನ್ನು ಕೈಗೆತ್ತಿಕೊಂಡು ನೋಡಿದವರು ಎಷ್ಟು ಮಂದಿ? ಮೆತ್ತನೆಯ ಹತ್ತಿ ಬಟ್ಟೆಯ ನಾಲ್ಕಾರು ತುಂಡುಗಳು, ಕಿವಿ ಮುಚ್ಚುವ ಎರಡು ಅಂಚುಗಳು, ಆ ಅಂಚುಗಳಿಂದ ಇಳಿಬಿದ್ದ ಎರಡು ಕಸಿಗಳು. ಕೂಸಿನ ಗದ್ದದ ಕೆಳಗೆ ತಾಯಿ ಆ ಎರಡು ಕಸಿಗಳನ್ನು ಸೇರಿಸಿ ಗಂಟು ಹಾಕುತ್ತಾಳೆ. ಕೂಸು ಎಷ್ಟೇ ಕೈಕಾಲು ಬಡಿದರೂ ಕುಲಾವಿ ಕದಲುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಕೊಪ್ಪಳದಿಂದ ಕುಷ್ಟಗಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ದೃಶ್ಯ ಕಂಡೆ. ಮುಂದೆ ಹೋಗುತ್ತಿದ್ದ ಬೈಕ್ ಸವಾರನ ಹೆಲ್ಮೆಟ್, ಎದುರಿನಿಂದ ಲಾರಿ ದಾಟಿದ ಗಾಳಿಗೆ ತಲೆಯಿಂದ ಎದ್ದು ರಸ್ತೆಯ ಮೇಲೆ ಉರುಳಿತು. ಆತ ಬೈಕ್ ನಿಲ್ಲಿಸಿ, ನಗುತ್ತಲೇ ಓಡಿ ಬಂದು ಅದನ್ನು ಎತ್ತಿಕೊಂಡು ಮತ್ತೆ ತಲೆಗಿಟ್ಟುಕೊಂಡ. ಪಟ್ಟಿ ಎರಡೂ ಬದಿ ಜೋತಾಡುತ್ತಿತ್ತು. ಅದನ್ನು ಕಟ್ಟಬೇಕೆಂದು ಅವನಿಗೆ ಆಗಲೂ ಅನ್ನಿಸಲಿಲ್ಲ.

ಕೂಸಿಗೆ ಕಸಿ ಕಟ್ಟುವ ನಾವು ದೊಡ್ಡವರಾದ ಮೇಲೆ ಅದನ್ನು ಏಕೆ ಮರೆಯುತ್ತೇವೆ? ಉತ್ತರ ಹುಡುಕಲು ಹೊರಟರೆ ನಮ್ಮ ಸೀಮೆಯ ತಲೆಯುಡುಗೆಗಳ ಚರಿತ್ರೆಯನ್ನೇ ತಿರುವಿ ನೋಡಬೇಕಾಗುತ್ತದೆ.

ಗಂಟಿಲ್ಲದ ರುಮಾಲು

ತಲೆಯ ಮೇಲೆ ವಸ್ತುವೊಂದು ನಿಲ್ಲಬೇಕಾದರೆ ಮುಖ್ಯವಾಗಿ ಮೂರು ದಾರಿಗಳಿವೆ. ಸುತ್ತುವುದು, ಅಳತೆಗೆ ಹೊಲಿದು ಕೂರಿಸುವುದು, ಇಲ್ಲವೇ ಕಟ್ಟುವುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ರೈತನ ರುಮಾಲು ಅಥವಾ ಪಟಗ ಮೊದಲನೆಯ ಜಾತಿಗೆ ಸೇರಿದ್ದು.

ಹತ್ತು ಹನ್ನೆರಡು ಮೊಳದ ಬಟ್ಟೆಗೆ ಪಿನ್ನಿಲ್ಲ, ಗುಂಡಿಯಿಲ್ಲ, ದಾರವಿಲ್ಲ. ಆದರೂ ಬಿತ್ತನೆ, ಕಳೆ, ರಾಶಿ ಎಲ್ಲ ಮುಗಿಯುವವರೆಗೂ ಅದು ತಲೆಯ ಮೇಲೆಯೇ ಇರುತ್ತದೆ. ಇದರ ಗುಟ್ಟು ಎರಡು. ಮನುಷ್ಯನ ತಲೆ ಹಿಂಭಾಗದಲ್ಲಿ ಉಬ್ಬಿ, ಕತ್ತಿನ ಕಡೆಗೆ ಮತ್ತೆ ಸಣ್ಣದಾಗುತ್ತದೆ. ಸುತ್ತು ಆ ಉಬ್ಬಿನ ಕೆಳಗೆ ಹಾದು ಬಂದರೆ ಮೇಲಕ್ಕೆ ಜಾರಲಾರದು. ಎರಡನೆಯದು, ಪ್ರತಿ ಸುತ್ತೂ ಹಿಂದಿನ ಸುತ್ತನ್ನು ಓರೆಯಾಗಿ ಒತ್ತಿ ಹಿಡಿಯುತ್ತದೆ. ಸುತ್ತು ಹೆಚ್ಚಿದಂತೆ ಬಟ್ಟೆಯ ಮೇಲೆ ಬಟ್ಟೆಯ ತಿಕ್ಕಾಟದ ಹಿಡಿತವೂ ಹೆಚ್ಚುತ್ತದೆ. ಬಾವಿಯ ಹಗ್ಗವನ್ನು ಕಂಬಕ್ಕೆ ನಾಲ್ಕು ಸುತ್ತು ಹಾಕಿದರೆ ಎಳೆಮಗುವೂ ತುಂಬಿದ ಕೊಡವನ್ನು ಹಿಡಿದು ನಿಲ್ಲಬಹುದಲ್ಲ, ಅದೇ ಲೆಕ್ಕ. ಕೊನೆಯಲ್ಲಿ ಉಳಿದ ತುದಿಯನ್ನು ಒಳಗೆ ಸಿಕ್ಕಿಸಿದರೆ ಕೆಲಸ ಮುಗಿಯಿತು. ಬೇಕಿದ್ದವರು ಚುಂಗು ಬಿಡುತ್ತಾರೆ.

ಯಲಬುರ್ಗಾ ಕಡೆಯ ನಮ್ಮ ಅಜ್ಜ ಕನ್ನಡಿ ನೋಡದೆ ರುಮಾಲು ಸುತ್ತುತ್ತಿದ್ದರು. ಒಮ್ಮೆ ಸುತ್ತಲು ಹೋಗಿ ನಾನು ಸೋತಾಗ, 'ಭಾಳ ಬಿಗದ್ರ ತಲಿ ನೋಯ್ತೈತಿ ತಮ್ಮಾ, ಸಡ್ಲಾದ್ರ ಮಾನ ಹೋಗ್ತೈತಿ' ಎಂದಿದ್ದರು. ರುಮಾಲು ಬೀಳುವುದೆಂದರೆ ಬಟ್ಟೆ ಬೀಳುವುದಲ್ಲ, ಮರ್ಯಾದೆ ಬೀಳುವುದು ಎಂಬ ಭಾವನೆ ಆ ತಲೆಮಾರಿನದು. ಹಾಗಾಗಿ ಅದನ್ನು ಬೀಳದಂತೆ ಸುತ್ತುವುದೂ ಒಂದು ವಿದ್ಯೆಯೇ ಆಗಿತ್ತು.

ಮಳೆಗಾಲಕ್ಕೆ ಬೇರೆಯದೇ ಉಪಾಯ. ಕಂಬಳಿಯ ಕೊಪ್ಪೆ ಮಾಡಿ ತಲೆಯ ಮೇಲೆ ಹೊದ್ದರೆ ಅದರ ಭಾರವೇ ಬೆನ್ನ ಮೇಲೆ ಇಳಿದು ಕೊಪ್ಪೆಯನ್ನು ಹಿಡಿದಿಡುತ್ತದೆ. ಗೊಬ್ಬರದ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಹೊದೆಯುವವರದೂ ಇದೇ ತಂತ್ರ. ಇಲ್ಲಿಯೂ ಗಂಟಿನ ಮಾತಿಲ್ಲ.

ಹಾಗೆಂದು ದೊಡ್ಡವರ ತಲೆಗೆ ದಾರವೇ ಬರಲಿಲ್ಲವೆಂದಲ್ಲ. ಮದುವೆಯ ದಿನ ಹಣೆಗೆ ಕಟ್ಟುವ ಬಾಸಿಂಗಕ್ಕೆ ದಾರ ಬೇಕು. ಅದು ಸುತ್ತುವ ವಸ್ತುವಲ್ಲ, ಅಳತೆಗೆ ಕೂರುವುದೂ ಅಲ್ಲ. ತಲೆಯ ಹಿಂದೆ ಗಂಟು ಬಿದ್ದರೆ ಮಾತ್ರ ಅದು ನಿಲ್ಲುತ್ತದೆ. ಆದರೆ ಬಾಸಿಂಗ ಜೀವನದ ಒಂದು ದಿನದ್ದು. ದಿನನಿತ್ಯದ ದಾರ ಕೂಸಿನ ಪಾಲಿಗೇ ಉಳಿಯಿತು.

ಆನೆಗೊಂದಿಯ ಆಚೆ ದಡದ ಟೋಪಿ

ಇನ್ನು ಅಳತೆಗೆ ಕೂರುವ ಟೋಪಿ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ತುಂಗಭದ್ರೆ ದಾಟಿದರೆ ಹಂಪಿ. ಅಲ್ಲಿನ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಎತ್ತರದ ಚೂಪು ಟೋಪಿ ಧರಿಸಿದ ಪರದೇಶಿಗಳ ಸಾಲುಗಳಿವೆ. ವಿಜಯನಗರದ ಅರಸರೂ ಇಂಥದೇ ಎತ್ತರದ ಟೋಪಿ ಧರಿಸುತ್ತಿದ್ದರು. ತಿರುಮಲೆಯ ದೇವಾಲಯದಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹಪ್ರತಿಮೆಯ ತಲೆಯ ಮೇಲೆ ಅದನ್ನು ಸ್ಪಷ್ಟವಾಗಿ ಕಾಣಬಹುದು. ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿನ ಗಂಡಸರ ತಲೆಗಳ ಮೇಲೂ ಎತ್ತರದ ಟೋಪಿಗಳಿವೆ.

ಈ ಟೋಪಿಯ ಹೆಸರು ಕುಳ್ಳಾಯಿ. ಪಾರ್ಸಿಯ 'ಕುಲಾಹ್' ಎಂಬ ಮಾತು ನಮ್ಮ ನಾಲಗೆಯಲ್ಲಿ ಹೀಗಾಯಿತು. ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ತೆಲುಗು ಕವಿ ಶ್ರೀನಾಥ, ಅಲ್ಲಿ ಕುಳ್ಳಾಯಿ ತೊಡಬೇಕಾಗಿ ಬಂದುದನ್ನು ಒಂದು ಚಾಟು ಪದ್ಯದಲ್ಲಿ ಗೊಣಗಿಕೊಂಡಿದ್ದಾನೆಂದು ಪ್ರತೀತಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಜರತಾರಿ ಟೋಪಿಯನ್ನು ವರ್ಣಿಸಿ, ಅರಸ ಬರಿಗಾಲಿನಲ್ಲಿದ್ದನೆಂದೂ ಬರೆದಿದ್ದಾನೆ. ಅಮೆರಿಕದ ವಿದ್ವಾಂಸ ಫಿಲಿಪ್ ವ್ಯಾಗನರ್ 1996ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಈ ಕುಳ್ಳಾಯಿ ಮತ್ತು ಉದ್ದನೆಯ ಕಬಾಯಿ ಅಂಗಿ ಆಗಿನ ದೊಡ್ಡ ದರಬಾರುಗಳ ಸಮಾನ ಉಡುಪಾಗಿದ್ದವು, ವಿಜಯನಗರ ಅದನ್ನು ತಿಳಿದೇ ಒಪ್ಪಿಕೊಂಡಿತು ಎಂದು ತೋರಿಸಿದರು.

ಕನ್ನಡದ 'ಕುಲಾವಿ'ಯ ಮೂಲವೂ ಇದೇ ಕುಲಾಹ್. ಅಂದರೆ ಒಂದೇ ಪದ ಒಂದು ಕಡೆ ಅರಸನ ತಲೆಗೇರಿತು, ಇನ್ನೊಂದು ಕಡೆ ತೊಟ್ಟಿಲಿನ ಕೂಸಿನ ತಲೆಗೆ ಬಂತು. ಅರಸನ ಕುಳ್ಳಾಯಿ ಕಾಲದ ಜೊತೆಗೆ ಮಾಯವಾಯಿತು. ಕೂಸಿನ ಕುಲಾವಿ ಗಾದೆಯಲ್ಲಿಯೂ ಸಂತೆಯಲ್ಲಿಯೂ ಉಳಿಯಿತು. ತಿರುಮಲೆಯ ಪ್ರತಿಮೆಯಲ್ಲಿ ಅರಸನ ಗದ್ದದ ಕೆಳಗೆ ಯಾವ ದಾರವೂ ಇಲ್ಲ. ಕಸಿ ಇರುವುದು ಕೂಸಿನ ಕುಲಾವಿಗೆ ಮಾತ್ರ.

ಟೋಪಿ ತೆಗೆಯುವವರು, ತೆಗೆಯದವರು

ಪಾಯೆಸ್ ಬರೆದ ಬರಿಗಾಲಿನ ಮಾತು ಇಲ್ಲಿ ಮುಖ್ಯ. ನಮ್ಮಲ್ಲಿ ಗೌರವ ತೋರಿಸುವುದೆಂದರೆ ಕಾಲಿನ ಕೆರ ಬಿಡುವುದು, ತಲೆಯುಡುಗೆಯನ್ನು ಇಟ್ಟುಕೊಳ್ಳುವುದು. ತಿರುಪತಿ ತಿಮ್ಮಪ್ಪನ ಎದುರಿಗೂ ಕೃಷ್ಣದೇವರಾಯ ಕುಳ್ಳಾಯಿ ತೆಗೆದಿಲ್ಲ. ಯುರೋಪಿನ ಗಂಡಸರ ರೂಢಿ ತಿರುಗುಮುರುಗು. ಅಲ್ಲಿ ಗೌರವಕ್ಕೆ ಟೋಪಿ ತೆಗೆಯಬೇಕು. ದಾರಿಯಲ್ಲಿ ಎದುರಾದವರಿಗೆಲ್ಲ ತೆಗೆದು ತೆಗೆದು ಹಾಕುವ ಟೋಪಿಗೆ ಗಂಟು ಹಾಕಿದರೆ ನಡೆಯದು. ಅದಕ್ಕೇ ಅದು ಸಡಿಲವಾಗಿ ಕೂರಬೇಕಾಯಿತು.

ಅಲ್ಲಿನ ಹೆಂಗಸರು ಮಾತ್ರ ಟೋಪಿ ತೆಗೆಯಬೇಕಿರಲಿಲ್ಲ. ಆದ್ದರಿಂದ ಅವರ ಟೋಪಿಗೆ ಭದ್ರವಾದ ಹಿಡಿತ ಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಗದ್ದದ ಕೆಳಗೆ ರಿಬ್ಬನ್ ಕಟ್ಟುವ ಬಾನೆಟ್ ರೂಢಿಯಲ್ಲಿತ್ತು, ನಮ್ಮ ಕುಲಾವಿಯ ಅಕ್ಕನಂತೆ. ಮುಂದೆ ಅಗಲವಾದ ಟೋಪಿಗಳು ಬಂದಾಗ, ಟೋಪಿಯನ್ನೂ ತುರುಬನ್ನೂ ಒಟ್ಟಿಗೆ ಚುಚ್ಚಿ ಹಿಡಿಯುವ ಉದ್ದನೆಯ ಪಿನ್ನುಗಳು ಹೊರಟವು. ಟೋಪಿ ದೊಡ್ಡದಾದಂತೆ ಪಿನ್ನೂ ಬೆಳೆದು ಒಂದು ಅಡಿ ಮುಟ್ಟಿತು. ಟ್ರಾಮುಗಳಲ್ಲಿ ಪಕ್ಕದವರ ಮುಖಕ್ಕೆ ಚುಚ್ಚುತ್ತದೆಂಬ ದೂರುಗಳೆದ್ದು, 1910ರಲ್ಲಿ ಅಮೆರಿಕದ ಶಿಕಾಗೊ ನಗರಸಭೆ ಪಿನ್ನಿನ ಮೊನೆ ಟೋಪಿಯಿಂದ ಹೊರಗೆ ಚಾಚುವುದಕ್ಕೆ ಮಿತಿ ಹಾಕಿತು. ತಲೆಯ ಟೋಪಿಯನ್ನು ಹಿಡಿಯುವ ಸಾಧನ ಕಾನೂನಿನ ಕಣ್ಣಿಗೆ ಬಿದ್ದ ಪ್ರಸಂಗ ಇದು.

ನಮ್ಮ ನಾಡಿಗೆ ಬಂದ ಬಿಳಿಯರ ಸೋಲಾ ಟೋಪಿಗೆ ಗದ್ದದ ಪಟ್ಟಿ ಇತ್ತು. ಗಾಳಿಯಲ್ಲಿ, ಕುದುರೆಯ ಮೇಲೆ ಅದನ್ನು ಇಳಿಸಿ ಬಿಗಿಯುವುದು; ಉಳಿದ ಹೊತ್ತು ಟೋಪಿಯ ಅಂಚಿನ ಮೇಲೆ ಮಡಚಿ ಕೂರಿಸುವುದು. ಅಧಿಕಾರಿಗಳ ಪೀಕ್ ಕ್ಯಾಪಿನ ಮುಂದೆ ಹೊಳೆಯುವ ಪಟ್ಟಿಯ ಕಥೆಯೂ ಇಷ್ಟೇ. ಗದ್ದಕ್ಕೆ ಎಂದು ಹುಟ್ಟಿದ ಪಟ್ಟಿ ಅಲಂಕಾರವಾಗಿ ಹಣೆಯ ಮೇಲೇರಿತು.

ರೂಮಿ ಟೋಪಿ, ಗಾಂಧಿ ಟೋಪಿ

ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. 1948ಕ್ಕೆ ಮುಂಚೆ ಈ ಸೀಮೆಯೆಲ್ಲ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರುಗಳು. ಹೈದರಾಬಾದಿನ ದರಬಾರಿನಲ್ಲಿ ದಸ್ತಾರ್ ನಡೆಯುತ್ತಿತ್ತು. ಅದು ಮೊದಲೇ ಸುತ್ತಿ ಸಿದ್ಧಮಾಡಿದ ಪೇಟ. ನಮ್ಮ ಮೈಸೂರು ಪೇಟದಂತೆ ಎತ್ತಿ ತಲೆಗಿಟ್ಟರಾಯಿತು. ಅಂದರೆ ನೋಡಲು ರುಮಾಲು, ಗುಣದಲ್ಲಿ ಟೋಪಿ.

ದಸ್ತಾರಿನ ಜೊತೆಗೆ ಬಂದದ್ದು ಕೆಂಪು ರೂಮಿ ಟೋಪಿ. ತುರ್ಕಿಯಲ್ಲಿ 1829ರಲ್ಲಿ ಸುಲ್ತಾನ ಎರಡನೆಯ ಮಹಮೂದ್ ಅಧಿಕಾರಿಗಳಿಗೆ ಕಡ್ಡಾಯ ಮಾಡಿದ ಟೋಪಿ ಇದು. 1925ರಲ್ಲಿ ಕೆಮಾಲ್ ಪಾಶಾ ಅದನ್ನು ಅಲ್ಲಿ ನಿಷೇಧಿಸಿದ ಮೇಲೂ ಹೈದರಾಬಾದಿನಲ್ಲಿ ಮೆರೆಯಿತು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಹಳೆಯ ರೂಮಿ ಟೋಪಿಯಲ್ಲೇ ದಿನ ಕಳೆದರೆಂಬುದು ಎಲ್ಲರಿಗೂ ಗೊತ್ತು. ಕಪ್ಪು ಗೊಂಡೆ ನೋಟಕ್ಕೆ ಮಾತ್ರ. ಟೋಪಿ ನಿಲ್ಲುವುದು ಅಳತೆಯಿಂದ. ಉಣ್ಣೆಯ ದಪ್ಪ ಬಟ್ಟೆಯನ್ನು ಕಾಯಿಸಿದ ಹಿತ್ತಾಳೆಯ ಅಚ್ಚಿನ ಮೇಲೆ ಒತ್ತಿ ತಲೆಯ ಸುತ್ತಳತೆಗೆ ತರುತ್ತಿದ್ದರು.

ಇದಕ್ಕೆದುರಾಗಿ 1920ರ ದಶಕದಿಂದ ಬಂದ ಗಾಂಧಿ ಟೋಪಿಗೆ ಅಚ್ಚೂ ಬೇಡ, ದಾರವೂ ಬೇಡ. ದೋಣಿಯಂಥ ಖಾದಿ ಪಟ್ಟಿ ತಲೆಯನ್ನು ಎರಡೂ ಬದಿಯಿಂದ ಹಿಚುಕಿ ಹಿಡಿಯುತ್ತದೆ. ಮಡಚಿ ಜೇಬಿಗಿಡಬಹುದು, ಮನೆಯಲ್ಲೇ ಒಗೆಯಬಹುದು. 1947–48ರಲ್ಲಿ, ಅಳವಂಡಿ ಶಿವಮೂರ್ತಿಸ್ವಾಮಿಯವರು ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಕಟ್ಟಿ ಈ ಸೀಮೆಯ ವಿಮೋಚನೆಗೆ ಹೋರಾಡುತ್ತಿದ್ದ ದಿನಗಳಲ್ಲಿ, ಬಿಳಿ ಟೋಪಿ ಇಟ್ಟು ಹೊರಡುವುದೇ ಒಂದು ಘೋಷಣೆಯಾಗಿತ್ತು. ಬೀಸುವ ಲಾಠಿಯ ಮುಂದೆ ಅದು ತಲೆಯ ಮೇಲೆ ಉಳಿಯಲಿಕ್ಕಿಲ್ಲ. ಆದರೆ ಅದರ ಕೆಲಸ ತಲೆ ಕಾಯುವುದಾಗಿರಲಿಲ್ಲ, ತಾನು ಯಾರ ಕಡೆಯವನೆಂದು ಸಾರುವುದಾಗಿತ್ತು.

ಹೀಗೆ ಅರಸನ ಕುಳ್ಳಾಯಿಯಿಂದ ಗಾಂಧಿ ಟೋಪಿಯವರೆಗೆ ಎಲ್ಲವೂ ಮಾನದ, ಹುದ್ದೆಯ, ಪಕ್ಷದ ಗುರುತುಗಳು. ನಿಂತಲ್ಲಿ, ಕುಂತಲ್ಲಿ, ನಡೆಯುವಲ್ಲಿ ಬೀಳದಿದ್ದರೆ ಸಾಕು. ಓಡುವಾಗ ಮಾತ್ರ ಕಷ್ಟ. ಕರ್ನಾಟಕದ ಪೊಲೀಸ್ ಪೇದೆಗಳು ದಶಕಗಳ ಕಾಲ ಧರಿಸಿದ, ಒಂದು ಅಂಚು ಮೇಲಕ್ಕೆ ಮಡಚಿದ ಸ್ಲೌಚ್ ಹ್ಯಾಟಿನ ಮೇಲಿದ್ದ ದೂರೂ ಇದೇ: ಗಲಾಟೆಯಲ್ಲಿ ಓಡಾಡುವಾಗ ಅದು ತಲೆಯ ಮೇಲೆ ನಿಲ್ಲದು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಅದರ ಬದಲು ಕಡುನೀಲಿ ಪೀಕ್ ಕ್ಯಾಪ್ ಜಾರಿಗೆ ತಂದಿತು.

ಗದ್ದದ ಕೆಳಗಿನ ಕಾನೂನು

ಹೆಲ್ಮೆಟ್ ಈ ವಂಶಕ್ಕೆ ಸೇರಿದ್ದಲ್ಲ. ಅದು ಗುರುತಲ್ಲ, ರಕ್ಷಣೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಧರಿಸಬೇಕು ಎಂದಷ್ಟೇ ಹೇಳಿ ಸುಮ್ಮನಾಗಿಲ್ಲ. ಪಟ್ಟಿಯಿಂದಲೋ ಬೇರೆ ಬಂಧನದಿಂದಲೋ ತಲೆಗೆ ಭದ್ರವಾಗಿ ಬಿಗಿದಿದ್ದರೆ ಮಾತ್ರ ಅದು ರಕ್ಷಣೆಯ ತಲೆಯುಡುಗೆ ಎಂದು ವಿವರಿಸಿದೆ. ಅಂದರೆ ಪಟ್ಟಿ ಕಟ್ಟದ ಹೆಲ್ಮೆಟ್ ಕಾನೂನಿನ ದೃಷ್ಟಿಯಲ್ಲಿ ಹೆಲ್ಮೆಟ್ಟೇ ಅಲ್ಲ. ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ಇದೇ ಕಲಂ ವಿನಾಯಿತಿ ಕೊಟ್ಟಿದೆ. ನಮ್ಮ ರುಮಾಲಿನವರಿಗೆ ಆ ವಿನಾಯಿತಿ ಇಲ್ಲ.

ಇದರ ಹಿಂದಿನ ಕಾರಣ ಸರಳ. ಬೈಕಿನಿಂದ ಬಿದ್ದವನ ತಲೆ ಒಂದೇ ಪೆಟ್ಟಿಗೆ ನಿಲ್ಲುವುದಿಲ್ಲ. ನೆಲಕ್ಕೆ ತಗುಲಿ, ಎದ್ದು, ಮತ್ತೆ ತಗುಲಬಹುದು. ಸಡಿಲ ಹೆಲ್ಮೆಟ್ ಮೊದಲ ಎಳೆತಕ್ಕೇ, ಕೆಲವೊಮ್ಮೆ ಪೆಟ್ಟಿಗೂ ಮುಂಚೆ, ಹಿಂದಿನಿಂದ ಮುಂದಕ್ಕೆ ಉರುಳಿ ಕಳಚುತ್ತದೆ. ಕೆಳದವಡೆಯ ಅಡಿಯಲ್ಲಿ ಬಿಗಿದ ಪಟ್ಟಿಯೊಂದೇ ಆ ಉರುಳುವಿಕೆಯನ್ನು ತಡೆಯಬಲ್ಲದು. ದ್ವಿಚಕ್ರ ವಾಹನದ ಹೆಲ್ಮೆಟ್‌ಗಳ ಭಾರತೀಯ ಮಾನಕ ಐಎಸ್ 4151ರಲ್ಲಿ ಚಿಪ್ಪಿನ ಗಟ್ಟಿತನದ ಜೊತೆಗೆ ಪಟ್ಟಿಯ ಹಿಡಿತಕ್ಕೂ ಪರೀಕ್ಷೆ ಇದೆ. 2021ರ ಜೂನ್ 1ರಿಂದ ಈ ಮಾನಕದ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ.

ಆದರೂ ಸಂತೆಗೆ ಹೊರಟ ಸವಾರ ಪಟ್ಟಿ ಕಟ್ಟುವುದಿಲ್ಲ. ಪೊಲೀಸರು ಕಂಡಾಗ ತಲೆಗಿಟ್ಟು, ದಾಟಿದ ಮೇಲೆ ಟ್ಯಾಂಕಿನ ಮೇಲಿಡುತ್ತಾನೆ. ಅವನನ್ನು ಬರೀ ಸೋಮಾರಿ ಎಂದು ಬೈದು ಪ್ರಯೋಜನವಿಲ್ಲ. ರುಮಾಲು ತನ್ನನ್ನು ತಾನೇ ಹಿಡಿದುಕೊಂಡಿತು, ಟೋಪಿ ಅಳತೆಯಿಂದ ನಿಂತಿತು. ಗದ್ದಕ್ಕೆ ಗಂಟು ಹಾಕುವುದು ಕೂಸಿಗೆ ಮಾತ್ರ ಎಂಬ ತಲೆತಲಾಂತರದ ರೂಢಿ ಅವನ ಕೈಯನ್ನೂ ತಡೆಯುತ್ತಿರಬಹುದು. ಆತ ಹೆಲ್ಮೆಟ್ಟನ್ನು ಟೋಪಿಯಂತೆ ಇಟ್ಟುಕೊಳ್ಳುತ್ತಾನೆ. ಅದನ್ನು ಕುಲಾವಿಯಂತೆ ಕಟ್ಟಬೇಕು.

ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ಹೊರಡಿಸಿದ ನಿಯಮ, ಬೈಕಿನಲ್ಲಿ ಕರೆದೊಯ್ಯುವ ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೂ ಅಳತೆಗೆ ತಕ್ಕ ಹೆಲ್ಮೆಟ್ ಇರಬೇಕೆಂದಿದೆ. ಜೊತೆಗೆ ಸವಾರನ ಮೈಗೆ ಮಗುವನ್ನು ಬಿಗಿಯುವ ಪಟ್ಟಿ ಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಹೀಗೆ ಕುಲಾವಿ ಹೊಸ ರೂಪದಲ್ಲಿ ಮತ್ತೆ ಕೂಸಿನ ತಲೆಗೆ ಬಂದಿದೆ.

ಕುಲಾವಿ ಕಟ್ಟುವ ತಾಯಿ ಕೊನೆಯಲ್ಲಿ ಗಂಟಿಗೂ ಗದ್ದಕ್ಕೂ ನಡುವೆ ಬೆರಳು ತೂರಿಸಿ ನೋಡುತ್ತಾಳೆ. ಕೂಸಿನ ಉಸಿರು ಕಟ್ಟಬಾರದು, ಕುಲಾವಿ ಕಳಚಲೂಬಾರದು. ಹೆಲ್ಮೆಟ್ಟಿನ ಪಟ್ಟಿಗೂ ಅಳತೆ ಇದೇ: ಒಂದೆರಡು ಬೆರಳು ತೂರಬೇಕು, ಅದಕ್ಕಿಂತ ಹೆಚ್ಚು ಸಡಿಲ ಬೇಡ. ಮಗುವಿನ ಗದ್ದದ ಕೆಳಗೆ ಗಂಟು ಹಾಕಿದ ಅಪ್ಪ, ಬೈಕಿಗೆ ಕಿಕ್ ಹೊಡೆಯುವ ಮುನ್ನ ತನ್ನ ಗದ್ದವನ್ನೂ ಒಮ್ಮೆ ಮುಟ್ಟಿ ನೋಡಿಕೊಂಡರೆ ಸಾಕು.